ಎಳೆಗಳಿಲ್ಲದ ಪೆನಂಬ್ರಾ: 80 ಮಿ.ಮೀ. ಟೆಲಿಸ್ಕೋಪಿನಲ್ಲಿ ಸೂರ್ಯಕಲೆ ಛಾಯಾಗ್ರಹಣದ ಒಂದು ಪ್ರಕರಣ

ಸೂರ್ಯಬಿಂಬದ ನಡುಭಾಗಕ್ಕೆ ಒಂದು ದೊಡ್ಡ ಕಲೆಗುಂಪು ಬಂದಿತ್ತು. ರೇಖಾಂಶದಲ್ಲಿ ಅದರ ಹರವು ಸುಮಾರು 12 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಒಂದೂವರೆ ಲಕ್ಷ ಕಿಲೋಮೀಟರ್. ಗುಂಪಿನ ಮುಂಚೂಣಿಯ ಕಲೆಯೊಂದೇ 45 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) ಅಗಲವಿತ್ತು. ಎರಡೂವರೆ ಭೂಮಿಗಳನ್ನು ಸಾಲಾಗಿ ಇಟ್ಟಷ್ಟು. ಅದರ ಕಡುಗಪ್ಪು ನಡುಭಾಗವಾದ ಅಂಬ್ರಾವನ್ನು ಬೆಳಕಿನ ಸೇತುವೆಯೊಂದು ಅಡ್ಡ ಸೀಳಿತ್ತು. ಹಿಂದೆ ಚಿಕ್ಕ ಕಲೆಗಳ ಸಾಲು, ನಡುವೆ ಪೆನಂಬ್ರಾ, ಅಂದರೆ ಅಂಬ್ರಾವನ್ನು ಸುತ್ತುವ ಬೂದು ವಲಯ, ಇಲ್ಲದ ಕೆಲವು ಕಪ್ಪು ಚುಕ್ಕೆಗಳು. ಹವ್ಯಾಸಿಗಳು ತಿಂಗಳುಗಟ್ಟಲೆ ಕಾಯುವಂಥ ಗುಂಪು.

ವೀಕ್ಷಕರ ಬಳಿ ಇದ್ದ ಸಲಕರಣೆ ಇಷ್ಟು: 80 ಮಿ.ಮೀ. ವ್ಯಾಸ, 600 ಮಿ.ಮೀ. ಸಂಗಮದೂರದ ಎರಡು ಮಸೂರದ ರಿಫ್ರಾಕ್ಟರ್; ಅದರ ಮುಂಬಾಯಿಗೆ ಸಾಂದ್ರತೆ 5.0ರ ಸೋಲಾರ್ ಫಿಲ್ಮ್, ಸಂಗಮದೂರವನ್ನು ಹಿಗ್ಗಿಸುವ 2 ಪಟ್ಟಿನ ಬಾರ್ಲೋ ಮಸೂರ, 540 ನ್ಯಾನೋಮೀಟರ್ ಸುತ್ತ ಸುಮಾರು 10 ನ್ಯಾನೋಮೀಟರ್ ಅಗಲದ ಹಸಿರು ಬೆಳಕನ್ನಷ್ಟೇ ಬಿಡುವ ಫಿಲ್ಟರ್, 2.9 ಮೈಕ್ರಾನ್ ಪಿಕ್ಸೆಲ್‌ನ, 1936 × 1096 ಅಳತೆಯ ಕಪ್ಪು-ಬಿಳುಪು ಗ್ರಹ ಕ್ಯಾಮೆರಾ. ಆಕಾಶದ ಚಲನೆಯನ್ನು ಹಿಂಬಾಲಿಸುವ, ಮೋಟಾರು ಇರುವ ಈಕ್ವಟೋರಿಯಲ್ ಮೌಂಟ್. ಕ್ಯಾಮೆರಾ ನಡೆಸುವ ತಂತ್ರಾಂಶ ಶಾರ್ಪ್‌ಕ್ಯಾಪ್ ಹಾಕಿದ ಲ್ಯಾಪ್‌ಟಾಪ್. ಒಳ್ಳೆಯ ಜೋಡಣೆಯೇ. ಕಾಂಕ್ರೀಟ್ ತಾರಸಿಯ ಮೇಲೆ, ನಡುಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, 2000 ಫ್ರೇಮಿನ ವಿಡಿಯೋಗಳನ್ನು ತೆಗೆದು, ಅದರಲ್ಲಿ ಉತ್ತಮವಾದ ಅರ್ಧದಷ್ಟನ್ನು ಪೇರಿಸಿ, ಅಂದರೆ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದು, ಚಿತ್ರ ಮಾಡಲಾಗಿತ್ತು.

ಚಿತ್ರದಲ್ಲಿ ಅಂಬ್ರಾ ಸ್ಪಷ್ಟವಾಗಿ ಕಪ್ಪಗಿತ್ತು. ಅದರ ಸುತ್ತಣ ಪೆನಂಬ್ರಾ ಮಾತ್ರ ಬಣ್ಣ ಬಳಿದ ಹಾಗೆ ಒಂದೇ ಸಮನೆ ಬೂದು; ಒಳಗಿನಿಂದ ಹೊರಗೆ ಹರಡಬೇಕಾದ ಎಳೆಗಳ ಸುಳಿವೇ ಇಲ್ಲ. ಬೆಳಕಿನ ಸೇತುವೆ ಒಂದು ಮಂಕಾದ ಪಟ್ಟಿ. ಕಲೆಗಳ ಹೊರಗಿನ ದ್ಯುತಿಗೋಳ, ಅಂದರೆ ಸೂರ್ಯನ ಕಾಣುವ ಮೈ, ನುಣ್ಣಗೆ; ಅಲ್ಲಿ ಕುದಿಯುವ ಅನಿಲದ ಗುಳ್ಳೆಗಳಾದ ಗ್ರಾನ್ಯೂಲ್‌ಗಳ ಕಾಳುಕಾಳಾದ ಮೈ ಎಲ್ಲೂ ಕಾಣದು. ಚಿಕ್ಕ ಚುಕ್ಕೆಗಳು ಐದಿದ್ದವು, ಅವುಗಳಲ್ಲಿ ಎರಡು ಅನುಮಾನಾಸ್ಪದ. ಫೋಕಸ್ ತಪ್ಪಿದೆ, ಅಥವಾ 80 ಮಿ.ಮೀ. ಸಾಲದು, ದೊಡ್ಡ ಟೆಲಿಸ್ಕೋಪ್ ಬೇಕು ಎಂಬುದು ವೀಕ್ಷಕರ ತೀರ್ಮಾನ. ಎರಡೂ ಮುಖ್ಯ ಕಾರಣವಲ್ಲ ಎಂದು ಪರೀಕ್ಷೆಯಿಂದ ತಿಳಿಯಿತು. ಹೇಗೆ ತಿಳಿಯಿತು ಎಂಬುದನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಇದೇ ಮಸುಕು ಬೇರೆ ಬೇರೆ ಸಲಕರಣೆಗಳಲ್ಲಿ ಇದೇ ಕಾರಣಗಳಿಂದ ಬರುತ್ತದೆ.

ಈ ಟೆಲಿಸ್ಕೋಪಿನಿಂದ ಏನನ್ನು ನಿರೀಕ್ಷಿಸಬಹುದು

ಮೊದಲು ಲೆಕ್ಕ. 540 ನ್ಯಾನೋಮೀಟರ್ ಬೆಳಕಿನಲ್ಲಿ 80 ಮಿ.ಮೀ. ಮಸೂರ ಬೇರ್ಪಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಂತರ 1.7 ಆರ್ಕ್‌ಸೆಕೆಂಡ್. ಸೂರ್ಯನ ಮೇಲೆ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 725 ಕಿ.ಮೀ.; ಹಾಗಾಗಿ ಮಿತಿ 1,230 ಕಿ.ಮೀ. ಹತ್ತಿರ ಬರುತ್ತದೆ. ಗ್ರಾನ್ಯೂಲ್‌ಗಳ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅವು ಒಂದೊಂದಾಗಿ ಬಿಡಿಸಿ ಕಾಣದಿದ್ದರೂ ಮೈ ಒರಟೊರಟಾಗಿ ಕಾಣಲೇಬೇಕು. ಪೆನಂಬ್ರಾದ ಒಂದೊಂದು ಎಳೆ ಒಂದು ಆರ್ಕ್‌ಸೆಕೆಂಡಿಗಿಂತ ಸಣ್ಣ. ಅದು ಈ ಮಸೂರಕ್ಕೆ ಎಟುಕದು. ಆದರೆ ಎಳೆಗಳು ಗುಂಪುಗೂಡಿ ದಪ್ಪ ಪಟ್ಟಿಗಳಾಗಿರುತ್ತವೆ, ಅವು ಎಟುಕುತ್ತವೆ. ಈ ಎಳೆಗಳ ಉದ್ದಕ್ಕೂ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂಬುದನ್ನು 1909ರಲ್ಲಿ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಕಂಡುಕೊಂಡರು. ಕಲೆಯ ಚಿತ್ರದಲ್ಲಿ ಪೆನಂಬ್ರಾದ ವಿನ್ಯಾಸ ಮೂಡಿಬರಬೇಕು ಎಂದು ಇಷ್ಟು ಹಟ ಮಾಡುವುದು ಆ ಕಾರಣಕ್ಕೇ: ಕಲೆಯ ಭೌತವಿಜ್ಞಾನದ ಅರ್ಧ ಭಾಗ ಅಲ್ಲಿ ಬರೆದಿರುತ್ತದೆ.

ಇನ್ನು ಪಿಕ್ಸೆಲ್ ಅಳತೆ. ಬಾರ್ಲೋ ಹಾಕಿದಾಗ ಸಂಗಮದೂರ 1200 ಮಿ.ಮೀ.; ಅದನ್ನು ವ್ಯಾಸದಿಂದ ಭಾಗಿಸಿದ ಅನುಪಾತ ಎಫ್/15. ಪಿಕ್ಸೆಲ್ ಅಳತೆಯನ್ನು 206ರಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 0.5 ಆರ್ಕ್‌ಸೆಕೆಂಡ್ ಸಿಗುತ್ತದೆ. 1.7 ಆರ್ಕ್‌ಸೆಕೆಂಡಿನ ವಿವರ ಮೂರೂವರೆ ಪಿಕ್ಸೆಲ್ ಮೇಲೆ ಹರಡುತ್ತದೆ, 45 ಆರ್ಕ್‌ಸೆಕೆಂಡಿನ ಕಲೆ 90 ಪಿಕ್ಸೆಲ್ ತುಂಬುತ್ತದೆ. ಮೈಕ್ರಾನಿನಲ್ಲಿ ಪಿಕ್ಸೆಲ್ ಅಳತೆಯ ಮೂರರಿಂದ ಐದು ಪಟ್ಟು ಎಫ್ ಅನುಪಾತ ಇರಲಿ ಎಂಬ ವಾಡಿಕೆಯ ಸೂತ್ರಕ್ಕೂ ಇದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಇಲ್ಲಿ 3 ಪಟ್ಟಿನ ಬಾರ್ಲೋ ಹಾಕಿದ್ದರೆ ಕಲೆ ದೊಡ್ಡದಾಗುತ್ತಿತ್ತು, ವಿವರ ಒಂದಿಷ್ಟೂ ಹೆಚ್ಚುತ್ತಿರಲಿಲ್ಲ, ಬೆಳಕು ಮಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು.

ಹೀಗೆ ವ್ಯಾಸವೂ ಸರಿ, ಪಿಕ್ಸೆಲ್ ಹಂಚಿಕೆಯೂ ಸರಿ. ಸಿಗಬೇಕಾದ ವಿವರ ಬೇರೆಲ್ಲೋ ಸೋರಿಹೋಗುತ್ತಿದೆ.

ಪರೀಕ್ಷೆಗೆ ಮುಂಚೆ ಸುರಕ್ಷತೆ

ಏನನ್ನೂ ಬದಲಿಸುವ ಮುನ್ನ ಫಿಲ್ಮನ್ನು ಬಿಚ್ಚಿ ಪ್ರಖರ ಬಲ್ಬಿಗೆ ಹಿಡಿದು ಸೂಜಿಮೊನೆಯಂಥ ತೂತುಗಳಿವೆಯೇ ಎಂದು ನೋಡಲಾಯಿತು. ಇರಲಿಲ್ಲ. ಗೀರು ಬಿದ್ದ, ಲೇಪ ಕಿತ್ತ ಫಿಲ್ಮನ್ನು ಎಸೆಯಬೇಕು. ತೇಪೆ ಹಾಕುವ ಮಾತೇ ಇಲ್ಲ. ಫಿಲ್ಮಿನ ಚೌಕಟ್ಟು ಗಾಳಿಗೆ ಹಾರದಂತೆ ಮೂರು ಕಡೆ ಟೇಪು ಅಂಟಿಸಿತ್ತು, ಗುರಿ ಹುಡುಕಲು ಪಕ್ಕದಲ್ಲಿ ಕೂರುವ ಚಿಕ್ಕ ದೂರದರ್ಶಕವಾದ ಫೈಂಡರ್ ಸ್ಕೋಪನ್ನು ತೆಗೆದಿಟ್ಟಿತ್ತು. ಫೈಂಡರ್ ಮರೆಯುವವರು ಬಹಳ. ಮುಚ್ಚಳವಿಲ್ಲದ 30 ಮಿ.ಮೀ. ಫೈಂಡರ್ ಕೂಡ ಕಣ್ಣನ್ನು ಶಾಶ್ವತವಾಗಿ ಸುಡಬಲ್ಲದು. ಸೂರ್ಯನನ್ನು ಹುಡುಕಲು ಅದು ಬೇಕಾಗಿಯೂ ಇಲ್ಲ: ಕೊಳವೆಯ ನೆರಳು ನೆಲದ ಮೇಲೆ ಅತಿ ಚಿಕ್ಕ ದುಂಡಗಾಗುವವರೆಗೆ ತಿರುಗಿಸಿದರೆ ಸಾಕು.

ಹಸಿರು ಫಿಲ್ಟರ್ ರಕ್ಷಣೆಯ ಫಿಲ್ಟರ್ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅದು ಯಾವಾಗಲೂ ಮುಂದಿನ ಫಿಲ್ಮಿನ ಹಿಂದೆ, ಕ್ಯಾಮೆರಾ ಮೂಗಿನಲ್ಲಿ ಕೂರುವ ವಸ್ತು. ಐಪೀಸಿಗೆ ತಿರುಪುವ ಹಳೆಯ ಮಾದರಿಯ ಕರಿಗಾಜಿನ ಸೂರ್ಯ ಫಿಲ್ಟರುಗಳಂತೂ ಕಾವಿಗೆ ಸಿಡಿಯುತ್ತವೆ; ಕೈಗೆ ಸಿಕ್ಕರೆ ಒಡೆದು ಬಿಸಾಡುವುದೇ ಲೇಸು.

ಮೊದಲ ಕಾರಣ: 14 ಮಿಲಿಸೆಕೆಂಡ್

ವಿಡಿಯೋ ಜೊತೆ ಶಾರ್ಪ್‌ಕ್ಯಾಪ್ ಬರೆದಿಡುವ ಸೆಟ್ಟಿಂಗ್ಸ್ ಕಡತದಲ್ಲಿ ಎಕ್ಸ್‌ಪೋಷರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 14 ಮಿಲಿಸೆಕೆಂಡ್, ಗೇನ್ (ಸೆನ್ಸರಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಸೊನ್ನೆ ಎಂದಿತ್ತು. ಇಷ್ಟೊಂದು ಪ್ರಖರ ಸೂರ್ಯನಿಗೆ 14 ಮಿಲಿಸೆಕೆಂಡ್ ಏಕೆ ಬೇಕಾಯಿತು? ಬೆಳಕು ಹಾದುಬರುವ ದಾರಿಯನ್ನು ನೋಡಿದರೆ ಅರ್ಥವಾಗುತ್ತದೆ. ಸಾಂದ್ರತೆ 5.0ರ ಫಿಲ್ಮ್ ಲಕ್ಷದಲ್ಲಿ ಒಂದು ಪಾಲು ಬಿಡುತ್ತದೆ. ಉಳಿದದ್ದನ್ನು ಬಾರ್ಲೋ ನಾಲ್ಕು ಪಟ್ಟು ಜಾಗಕ್ಕೆ ಹರಡುತ್ತದೆ. ಆಮೇಲೆ ಹಸಿರು ಫಿಲ್ಟರ್ ಇಡೀ ಕಾಣುವ ಬೆಳಕಿನಲ್ಲಿ 10 ನ್ಯಾನೋಮೀಟರ್ ಪಟ್ಟಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಮೂರನ್ನೂ ಗುಣಿಸಿದರೆ ಸೆನ್ಸರಿಗೆ ತಲುಪುವುದು ಸಣ್ಣ ಕಸರು. ಗೇನ್ ಹೆಚ್ಚಿಸಿದರೆ ಗದ್ದಲ, ಅಂದರೆ ಚಿತ್ರದಲ್ಲಿ ಅಡ್ಡಾದಿಡ್ಡಿ ಚುಕ್ಕೆಚುಕ್ಕೆ, ಬರುತ್ತದೆ ಎಂಬ ಭಯದಿಂದ ವೀಕ್ಷಕರು ಅದನ್ನು ಸೊನ್ನೆಯಲ್ಲಿಟ್ಟು ಎಕ್ಸ್‌ಪೋಷರನ್ನೇ ಉದ್ದ ಮಾಡಿದ್ದರು.

ಹಗಲಿನ ಗಾಳಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಕೊಳವೆಯ ಬಾಯಿಯ ಮುಂದೆ ಬಿಸಿ-ತಂಪು ಗಾಳಿಯ ಪದರಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಸರಿದುಹೋಗುತ್ತವೆ. 14 ಮಿಲಿಸೆಕೆಂಡ್ ತೆರೆದಿಟ್ಟರೆ ಅಷ್ಟರಲ್ಲಿ ಬಿಂಬ ಹಲವು ಬಾರಿ ಅಲುಗಿ, ಒಂದೇ ಫ್ರೇಮಿನೊಳಗೆ ಎಲ್ಲವೂ ಕಲಸಿಹೋಗುತ್ತದೆ. ಕಲಸಿಹೋದ ಫ್ರೇಮುಗಳಿಂದ ಉತ್ತಮವಾದುದನ್ನು ಆರಿಸುವುದು ಎಂದರೇನು? ಎಲ್ಲವೂ ಅಷ್ಟೇ ಕೆಟ್ಟಿರುತ್ತವೆ.

ಪರೀಕ್ಷೆ ಸರಳ. ಫೋಕಸ್ ಮುಟ್ಟದೆ, ಒಂದರ ಹಿಂದೊಂದು ಎರಡು ವಿಡಿಯೋ: ಒಂದು 14 ಮಿಲಿಸೆಕೆಂಡ್, ಗೇನ್ ಸೊನ್ನೆ, ಇನ್ನೊಂದು 3.5 ಮಿಲಿಸೆಕೆಂಡ್, ಗೇನ್ 12 ಡೆಸಿಬೆಲ್. ಎಕ್ಸ್‌ಪೋಷರ್ ಕಾಲುಭಾಗಕ್ಕೆ ಇಳಿದರೆ ಅಷ್ಟೇ ಹೊಳಪಿಗೆ 12 ಡೆಸಿಬೆಲ್ ಬೇಕು. ಗೇನನ್ನು ಡೆಸಿಬೆಲ್‌ನ ಹತ್ತನೇ ಒಂದರಲ್ಲಿ ಎಣಿಸುವ ಕ್ಯಾಮೆರಾದಲ್ಲಿ ಇದು 120 ಎಂದು ಕಾಣುತ್ತದೆ. ನಂತರ ಎರಡನ್ನೂ ಪೇರಿಸದೆ, ಫ್ರೇಮ್ ಫ್ರೇಮಾಗಿ ಕಣ್ಣಲ್ಲೇ ನೋಡಬೇಕು. ಮೊದಲನೆಯದರಲ್ಲಿ ನೂರು ಫ್ರೇಮ್ ಮುಂದೆ ಹೋದರೂ ಅದೇ ಮೆತ್ತನೆಯ ಬೂದು ಉಂಗುರ. ಎರಡನೆಯದರಲ್ಲಿ ಹೆಚ್ಚಿನ ಫ್ರೇಮುಗಳು ಇನ್ನೂ ವಿಕಾರ, ಅಂಬ್ರಾದ ಅಂಚು ಹರಿದು ಚಿಂದಿಯಾಗಿದೆ. ಆದರೆ ಆಗೊಮ್ಮೆ ಈಗೊಮ್ಮೆ ಒಂದು ಫ್ರೇಮಿನಲ್ಲಿ ಬೆಳಕಿನ ಸೇತುವೆ ದಾರದಷ್ಟು ತೆಳ್ಳಗಾಗಿ, ಪೆನಂಬ್ರಾದ ಹೊರ ಅಂಚು ಗರಗಸದ ಹಲ್ಲಿನಂತೆ ಮೂಡಿ ಮಾಯವಾಗುತ್ತದೆ. ಫ್ರೇಮುಗಳ ನಡುವೆ ಹೀಗೆ ಅಜಗಜಾಂತರ ಕಂಡಿತೆಂದರೆ ಎಕ್ಸ್‌ಪೋಷರ್ ಸಾಕಷ್ಟು ಚಿಕ್ಕದಾಗಿದೆ ಎಂದೇ ಅರ್ಥ. ಎಲ್ಲ ಫ್ರೇಮುಗಳೂ ಒಂದೇ ರೀತಿ ಮೆತ್ತಗಿದ್ದರೆ ಎಕ್ಸ್‌ಪೋಷರ್ ಅಥವಾ ಫೋಕಸ್ ಮೇಲೆ ಅನುಮಾನ ಹೋಗಬೇಕು.

ಗೇನ್ ತಂದ ಗದ್ದಲಕ್ಕೆ ಹೆದರಬೇಕಿಲ್ಲ. 160 ಫ್ರೇಮ್ ಪೇರಿಸಿದರೆ ಗದ್ದಲ 160ರ ವರ್ಗಮೂಲದಷ್ಟು, ಅಂದರೆ ಸುಮಾರು ಹನ್ನೆರಡೂವರೆ ಪಟ್ಟು ಇಳಿಯುತ್ತದೆ. ಅಲುಗಾಟದಿಂದ ಕಳೆದುಹೋದ ವಿವರವನ್ನು ಪೇರಿಸಿ ಮರಳಿ ಪಡೆಯಲಾಗದು.

ಇನ್ನೊಂದು ಹೆಜ್ಜೆ ಮುಂದೆ, ಛಾಯಾಗ್ರಹಣಕ್ಕೆಂದೇ ಮಾಡಿದ ಸಾಂದ್ರತೆ 3.8ರ ಫಿಲ್ಮ್. ಅದು 5.0ಕ್ಕಿಂತ ಸುಮಾರು 16 ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. 14 ಮಿಲಿಸೆಕೆಂಡ್ ಬೇಕಿದ್ದ ಕಡೆ ಗೇನ್ ಸೊನ್ನೆಯಲ್ಲೇ 0.9 ಮಿಲಿಸೆಕೆಂಡ್ ಸಾಕಾಗುತ್ತದೆ. ಆದರೆ ಅದರ ಮೂಲಕ ಕಣ್ಣಿಟ್ಟು ನೋಡುವಂತಿಲ್ಲ, ಒಂದು ಕ್ಷಣವೂ. ಈ ಫಿಲ್ಮಿನ ಚೌಕಟ್ಟಿನ ಸುತ್ತ ಕೆಂಪು ಟೇಪು ಸುತ್ತಿ, "ಕ್ಯಾಮೆರಾಗೆ ಮಾತ್ರ" ಎಂದು ಬರೆದು, ಬೇರೆ ಡಬ್ಬಿಯಲ್ಲಿ ಇಡುವುದು, ಅದು ಮುಂದಿರುವಷ್ಟು ಹೊತ್ತು ಐಪೀಸ್‌ಗಳನ್ನು ಪೆಟ್ಟಿಗೆಯೊಳಗೆ ಮುಚ್ಚಿಡುವುದು ಕಡ್ಡಾಯ. ಮಕ್ಕಳು, ಅತಿಥಿಗಳು ಬಂದು ಇಣುಕುವ ಜಾಗದಲ್ಲಿ 5.0ನ್ನೇ ಇಟ್ಟುಕೊಂಡು ಗೇನ್ ಏರಿಸುವುದು ಸರಿಯಾದ ಆಯ್ಕೆ ಎನ್ನುವುದು ನಮ್ಮ ಖಚಿತ ನಿಲುವು. ರಿಫ್ರಾಕ್ಟರ್ ಇರುವವರು ಫಿಲ್ಮಿನ ಬದಲು ಹರ್ಷೆಲ್ ವೆಜ್ (ಹೆಚ್ಚಿನ ಬೆಳಕನ್ನು ಹೊರಹಾಕುವ, ಹಿಂಬದಿಗೆ ಕೂರುವ ಗಾಜಿನ ಪಟ್ಟಕ) ಬಳಸಿದರೆ ಚಿತ್ರ ಇನ್ನೂ ಹರಿತವಾಗುತ್ತದೆ, ಆದರೆ ಅದನ್ನು ಕನ್ನಡಿ ಟೆಲಿಸ್ಕೋಪಿಗೆ ಹಾಕಬಾರದು. ಫಿಲ್ಟರಿಲ್ಲದ ಪೂರ್ತಿ ಬಿಸಿಲು ಕೊಳವೆಯೊಳಗೆ ಬರುವುದರಿಂದ ಎರಡನೇ ಕನ್ನಡಿ ಕಾದು ಹಾಳಾಗುತ್ತದೆ.

ಎಕ್ಸ್‌ಪೋಷರ್ ಚಿಕ್ಕದಿರಬೇಕು ಎಂಬುದು ಹೊಸ ಪಾಠವೇನಲ್ಲ. ಸೂರ್ಯನ ಮೊದಲ ಯಶಸ್ವಿ ಚಿತ್ರವನ್ನು ಫಿಜೋ ಮತ್ತು ಫೂಕೋ 1845ರ ಏಪ್ರಿಲ್ 2ರಂದು ಸೆಕೆಂಡಿನ ಅರವತ್ತನೇ ಒಂದು ಪಾಲು ಎಕ್ಸ್‌ಪೋಷರಿನಲ್ಲಿ ತೆಗೆದರು. ಅದರಲ್ಲಿ ಕಲೆಗಳು ಮೂಡಿದ್ದವು. ನಮ್ಮ ಪ್ರಕರಣದ 14 ಮಿಲಿಸೆಕೆಂಡ್ ಅದಕ್ಕಿಂತ ಬಹಳ ಚಿಕ್ಕದೇನಲ್ಲ! ಗ್ರಾನ್ಯೂಲ್‌ಗಳು ಫಲಕದ ಮೇಲೆ ಚೆನ್ನಾಗಿ ಮೂಡಿದ್ದು 1870ರ ದಶಕದಲ್ಲಿ ಜೂಲ್ಸ್ ಜಾನ್ಸೆನ್ ಎಕ್ಸ್‌ಪೋಷರನ್ನು ಅದರ ಎಷ್ಟೋ ಪಟ್ಟು ಕಡಿತಗೊಳಿಸಿದ ಮೇಲೆ.

ಎರಡನೆಯದು: ತಾರಸಿ ಮತ್ತು ಹೊತ್ತು

ಎಕ್ಸ್‌ಪೋಷರ್ ಸರಿಪಡಿಸಿದ ನಂತರವೂ 2000 ಫ್ರೇಮುಗಳಲ್ಲಿ ಒಳ್ಳೆಯವು ಬೆರಳೆಣಿಕೆಯಷ್ಟು. ಬಿಂಬದ ಅಂಚನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಅದು ಅಲೆಅಲೆಯಾಗಿ ಕುದಿಯುತ್ತಿತ್ತು. ಮೇಲಿನ ವಾತಾವರಣದ ಕೈವಾಡವೋ, ಕಾಲಡಿಯ ಕಾಂಕ್ರೀಟಿನದೋ ಎಂದು ತಿಳಿಯಲು ಒಂದೇ ದಾರಿ: ಅದೇ ಗಂಟೆಯಲ್ಲಿ ಜಾಗ ಬದಲಿಸಿ ನೋಡುವುದು. ಟೆಲಿಸ್ಕೋಪನ್ನು ಹುಲ್ಲು ಬೆಳೆದ ತೆರೆದ ನೆಲಕ್ಕೆ ಇಳಿಸಿದಾಗ ಅಲೆಗಳು ಪೂರ್ತಿ ನಿಲ್ಲಲಿಲ್ಲ, ಆದರೆ ಎದ್ದುಕಾಣುವಂತೆ ತಗ್ಗಿದವು. ಕಾಂಕ್ರೀಟು, ತಗಡು, ಡಾಂಬರು ಬಿಸಿಲನ್ನು ಹೀರಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಹುಲ್ಲು ಮತ್ತು ನೀರಿನ ಮೇಲೆ ಆ ಏರಿಳಿತ ಕಡಿಮೆ. ನೋಟದ ದಾರಿಯಲ್ಲಿ ಬೇರೆಯವರ ಮಾಡು ಅಡ್ಡ ಬರಬಾರದು ಎಂಬುದನ್ನೂ ಗಮನಿಸಬೇಕು. ಸ್ವಂತ ಕಾಲಡಿ ಹುಲ್ಲಿದ್ದು, ಸೂರ್ಯ ಪಕ್ಕದ ತಗಡಿನ ಮಾಡಿನ ಮೇಲೆ ನಿಂತಿದ್ದರೆ ಶ್ರಮವೆಲ್ಲ ವ್ಯರ್ಥ.

ಮರುದಿನ ಬೆಳಗ್ಗೆ ಸೂರ್ಯೋದಯವಾಗಿ ಎರಡು ಗಂಟೆಯ ಹೊತ್ತಿಗೆ ಅದೇ ಹುಲ್ಲಿನಿಂದ ತೆಗೆದ ವಿಡಿಯೋ ಹಿಂದಿನೆಲ್ಲದಕ್ಕಿಂತ ಮಿಗಿಲಾಗಿತ್ತು. ಇನ್ನೂ ಬೇಗ ಶುರುಮಾಡಿದರೆ ಸೂರ್ಯ ದಿಗಂತದ ಹತ್ತಿರ, ವಾತಾವರಣದ ದಪ್ಪ ಪದರದ ಹಿಂದೆ ಇರುತ್ತಾನೆ. ತಡಮಾಡಿದರೆ ನೆಲ ಕಾದುಬಿಟ್ಟಿರುತ್ತದೆ. ಸೂರ್ಯೋದಯದ ನಂತರ ಒಂದೂವರೆಯಿಂದ ಮೂರು ಗಂಟೆಯವರೆಗಿನ ಅವಧಿಯಲ್ಲಿ ಈ ಎರಡು ತೊಂದರೆಗಳೂ ಒಟ್ಟಿಗೆ ಕಡಿಮೆ ಇರುತ್ತವೆ. ರಾತ್ರಿ ಆಕಾಶದ ಛಾಯಾಗ್ರಹಣಕ್ಕೆ ಒಗ್ಗಿದವರಿಗೆ ಈ ಗಡಿಯಾರವನ್ನು ಒಪ್ಪಿಕೊಳ್ಳುವುದೇ ಕಷ್ಟ.

ಕೊಳವೆಯೂ ಕಾಯುತ್ತದೆ. ಅದಕ್ಕೆ ಸುಮಾರು 40 ಸೆಂ.ಮೀ. ಅಗಲದ ಬಿಳಿ ರಟ್ಟಿನ ತಟ್ಟೆಗೆ ನಡುವೆ ಕೊಳವೆಯ ಅಳತೆಯ ತೂತು ಕೊರೆದು, ಫಿಲ್ಮ್ ಚೌಕಟ್ಟಿನ ಹಿಂದೆ ಸಿಕ್ಕಿಸಲಾಯಿತು. ಇದರ ನೆರಳು ಕೊಳವೆ, ಫೋಕಸರ್, ಕ್ಯಾಮೆರಾ ಮೂರರ ಮೇಲೂ ಬೀಳುತ್ತದೆ. ಗಾಳಿ ಜೋರಿದ್ದ ದಿನ ಇದೇ ತಟ್ಟೆ ಪಟದಂತೆ ಎಳೆದು ಮೌಂಟನ್ನು ನಡುಗಿಸುವುದರಿಂದ ಆಗ ತೆಗೆದಿಡಬೇಕು.

ಫೋಕಸ್ ತಪ್ಪಿದ್ದೂ ನಿಜ, ಆದರೆ ಬೇರೆ ರೀತಿಯಲ್ಲಿ

ಎಫ್/7.5 ಮಸೂರದಲ್ಲಿ ಫೋಕಸ್ ಸರಿಯಿರುವ ವ್ಯಾಪ್ತಿ, ಹಸಿರು ಬೆಳಕಿಗೆ, ಎರಡೂ ಬದಿಗೆ 0.06 ಮಿ.ಮೀ. ಮಾತ್ರ. ಬಾರ್ಲೋ ಮತ್ತು ಕ್ಯಾಮೆರಾ ಒಟ್ಟಿಗೆ ಫೋಕಸರಿನ ಮೇಲೆ ಸರಿಯುವುದರಿಂದ ಎಫ್/15 ಆದಮೇಲೂ ಫೋಕಸರಿನ ಚಲನೆಗೆ ಇದೇ ಮಿತಿ ಅನ್ವಯಿಸುತ್ತದೆ. 600 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.14 ಮಿ.ಮೀ. ಹಿಗ್ಗುತ್ತದೆ. ಬಿಸಿಲಿನಲ್ಲಿ ಅರ್ಧ ಗಂಟೆಯಲ್ಲಿ ಅಷ್ಟು ಕಾಯುವುದು ಏನೇನೂ ಅಲ್ಲ. ವೀಕ್ಷಕರು ಆರಂಭದಲ್ಲಿ ಒಮ್ಮೆ ಜಾಗರೂಕತೆಯಿಂದ ಫೋಕಸ್ ಮಾಡಿ, ತಿರುಪನ್ನು ಬಿಗಿದು, ಮುಕ್ಕಾಲು ಗಂಟೆ ಚಿತ್ರ ತೆಗೆದಿದ್ದರು. ಮೊದಲ ವಿಡಿಯೋ ಕೊನೆಯದಕ್ಕಿಂತ ಚೆನ್ನಾಗಿದ್ದುದರ ಗುಟ್ಟು ಇದು.

ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಫೋಕಸ್ ಮತ್ತೆ ನೋಡಬೇಕು. ಎಲ್ಲಿ ನೋಡಬೇಕು ಎಂಬುದೂ ಮುಖ್ಯ. ಬಿಂಬದ ಅಂಚು ಮೊದಲ ಒರಟು ಫೋಕಸಿಗೆ ಸರಿ. ಸೂಕ್ಷ್ಮಕ್ಕೆ ಅಂಬ್ರಾ ಮತ್ತು ಪೆನಂಬ್ರಾ ಸೇರುವ ಗೆರೆಯನ್ನೇ 200 ಶೇಕಡಾ ಹಿಗ್ಗಿಸಿ ನೋಡಬೇಕು. ಗಾಳಿ ಅಲುಗುವಾಗ ಒಂದೊಂದು ಫ್ರೇಮಿಗೆ ಒಂದೊಂದು ಉತ್ತರ ಸಿಗುತ್ತದೆ, ಆದ್ದರಿಂದ ಫೋಕಸರನ್ನು ಒಂದು ಕಡೆಯಿಂದ ಸ್ಪಷ್ಟವಾಗಿ ಕೆಡುವವರೆಗೆ, ಮತ್ತೆ ಇನ್ನೊಂದು ಕಡೆಯಿಂದ ಕೆಡುವವರೆಗೆ ತಿರುಗಿಸಿ ನಡುವೆ ನಿಲ್ಲಿಸುವುದು ಉತ್ತಮ. ಲ್ಯಾಪ್‌ಟಾಪ್ ಪರದೆ ಬಿಸಿಲಲ್ಲಿ ಏನೂ ಕಾಣದು; ಒಳಗೆ ಕಪ್ಪು ಬಳಿದ ರಟ್ಟಿನ ಪೆಟ್ಟಿಗೆಯೊಳಗೆ ಅದನ್ನಿಟ್ಟು, ತಲೆಯ ಮೇಲೆ ದಪ್ಪ ಕಪ್ಪು ಬಟ್ಟೆ ಹೊದ್ದು ನೋಡಬೇಕು.

ಫಿಲ್ಮಿನಲ್ಲೂ ಒಂದು ದೋಷ ಸಿಕ್ಕಿತು. ಚೌಕಟ್ಟಿನ ಎರಡು ಬಳೆಗಳ ನಡುವೆ ಅದನ್ನು ತಮಟೆಯ ಚರ್ಮದಂತೆ ಬಿಗಿದು ಕಟ್ಟಿತ್ತು. ನೋಡಲು ಅಂದ, ಚಿತ್ರಕ್ಕೆ ಕೇಡು: ಒಂದು ದಿಕ್ಕಿಗೆ ಹೆಚ್ಚು ಎಳೆದಾಗ ಫಿಲ್ಮಿನ ಮೈ ಹಿಗ್ಗಿ, ಬಿಂಬದ ವಿವರ ಒಂದು ಕಡೆಗೆ ಎಳೆದಂತಾಗುತ್ತದೆ. ಸಡಿಲವಾಗಿ ಬಿಟ್ಟಾಗ ಬೀಳುವ ಸುಕ್ಕು ನಿರುಪದ್ರವಿ. ಬಳೆಗೆ ಎರಡೂ ಬದಿ ಅಂಟುವ ಟೇಪು ಹಚ್ಚಿ, ಮೇಜಿನ ಮೇಲೆ ಟಿಶ್ಯೂ ಕಾಗದ ಹಾಸಿ ಅದರ ಮೇಲೆ ಫಿಲ್ಮನ್ನು ತನ್ನಷ್ಟಕ್ಕೆ ಮಲಗಿಸಿ, ಮೇಲಿನಿಂದ ಬಳೆಯನ್ನು ನೇರವಾಗಿ ಒತ್ತಿದರೆ ಎಳೆತ ಬೀಳುವುದಿಲ್ಲ. ಅಂಚಿನಲ್ಲಿ 2 ಸೆಂ.ಮೀ. ಹೆಚ್ಚುವರಿ ಬಿಟ್ಟು ಕತ್ತರಿಸಬೇಕು.

ಐದರಲ್ಲಿ ಎರಡು ಚುಕ್ಕೆಗಳು

ಅನುಮಾನದ ಎರಡು ಚುಕ್ಕೆಗಳು ಧೂಳು. ಮೌಂಟಿನ ನಿಧಾನ ಚಲನೆಯಿಂದ ಟೆಲಿಸ್ಕೋಪನ್ನು ಸ್ವಲ್ಪ ಸರಿಸಿದಾಗ ಕಲೆಗಳೆಲ್ಲ ಪರದೆಯಲ್ಲಿ ಸರಿದವು, ಅವೆರಡು ಅಲ್ಲೇ ನಿಂತವು. ಹತ್ತು ಸೆಕೆಂಡಿನ ಈ ಪರೀಕ್ಷೆ ಮಾಡದೆ ಕಲೆಗಳ ಎಣಿಕೆ ಪ್ರಕಟಿಸಬಾರದು. ರುಡಾಲ್ಫ್ ವುಲ್ಫ್ 1848ರಲ್ಲಿ ರೂಪಿಸಿದ ಸೂರ್ಯಕಲೆ ಸಂಖ್ಯೆಯ ಸೂತ್ರದಲ್ಲಿ ಗುಂಪಿಗೆ ಹತ್ತು, ಬಿಡಿ ಕಲೆಗೆ ಒಂದು ಅಂಕ. ಖಾಲಿ ಜಾಗದಲ್ಲಿ ಕುಳಿತ ಒಂದು ಧೂಳಿನ ಕಣ ಹೊಸ ಗುಂಪೆಂದು ಎಣಿಕೆಯಾದರೆ ಹನ್ನೊಂದು ಅಂಕ ಸುಳ್ಳೇ ಸೇರುತ್ತದೆ.

ಸೆನ್ಸರನ್ನು ರಬ್ಬರ್ ಬ್ಲೋವರಿನಿಂದ ಊದಿ, ಉಳಿದುದಕ್ಕೆ ಫ್ಲಾಟ್ ಚಿತ್ರ, ಅಂದರೆ ಧೂಳಿನ ಗುರುತನ್ನು ಕಳೆಯಲು ಸಮನಾದ ಬೆಳಕಿನಲ್ಲಿ ತೆಗೆದ ಚಿತ್ರ, ಬಳಸಬೇಕು. ಸೋಲಾರ್ ಫಿಲ್ಮಿನ ಮುಂದೆ ತೆಳುವಾದ ಬಿಳಿ ಪ್ಲಾಸ್ಟಿಕ್ ಹಾಳೆ ಹಿಡಿದರೆ ಕಲೆಗಳೆಲ್ಲ ಅಳಿಸಿ ಸಮನಾದ ಬೆಳಕು ಸಿಗುತ್ತದೆ. ಫಿಲ್ಮನ್ನು ಮಾತ್ರ ತೆಗೆಯಬಾರದು. ಬಿಂಬದ ನಡುಭಾಗಕ್ಕೆ ಗುರಿಯಿಟ್ಟು, ಅದೇ ಫೋಕಸ್, ಅದೇ ಕ್ಯಾಮೆರಾ ಕೋನ, ಅದೇ ಚೌಕಟ್ಟಿನಲ್ಲಿ 100ರಿಂದ 200 ಫ್ರೇಮ್ ತೆಗೆದು ಸರಾಸರಿ ಮಾಡಬೇಕು. ಆಮೇಲೆ ಕ್ಯಾಮೆರಾ ಒಂದಿಷ್ಟು ತಿರುಗಿತೋ, ಹೊಸ ಫ್ಲಾಟ್ ಬೇಕು. ಹಳೆಯದನ್ನು ಹಾಕಿದರೆ ಪ್ರತಿ ಧೂಳಿನ ಗುರುತಿನ ಪಕ್ಕದಲ್ಲಿ ಬೆಳ್ಳಗಿನ ಅಣಕು ಗುರುತು ಮೂಡುತ್ತದೆ.

ಚಿತ್ರ ತೆಗೆಯುವುದು, ಪೇರಿಸುವುದು

ಪೂರ್ತಿ ಸೆನ್ಸರಿನಲ್ಲಿ 8 ಬಿಟ್‌ನ ಒಂದು ಫ್ರೇಮ್ 2.1 ಎಂಬಿ. ಸೆಕೆಂಡಿಗೆ 130 ಫ್ರೇಮ್ ಎಂದರೆ 270 ಎಂಬಿಗೂ ಹೆಚ್ಚು. ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ಇದನ್ನು ನುಂಗಲಾರದೆ ಫ್ರೇಮ್ ಕೈಬಿಡುತ್ತದೆ. ಗುಂಪಿನ ಉದ್ದ 200 ಆರ್ಕ್‌ಸೆಕೆಂಡ್, ಅಂದರೆ 400 ಪಿಕ್ಸೆಲ್. 800 × 600ರ ಚೌಕಟ್ಟು ಧಾರಾಳವಾಯಿತು. ಆಗ ಸೆಕೆಂಡಿಗೆ 62 ಎಂಬಿ, 2000 ಫ್ರೇಮಿಗೆ 15 ಸೆಕೆಂಡ್, ಕಡತ 1 ಜಿಬಿಗಿಂತ ಸ್ವಲ್ಪ ಕಡಿಮೆ. ಫ್ರೇಮುಗಳನ್ನು ಕುಗ್ಗಿಸದೆ ಇಡುವ ಎಸ್‌ಇಆರ್ ವಿಡಿಯೋ ರೂಪದಲ್ಲಿ ಉಳಿಸಬೇಕು. ಹೊಳಪಿನ ಹಂಚಿಕೆ ತೋರುವ ಗ್ರಾಫಾದ ಹಿಸ್ಟೋಗ್ರಾಮಿನ ಬಲತುದಿ 75 ಶೇಕಡಾದ ಆಸುಪಾಸು ಇರಲಿ. ದ್ಯುತಿಗೋಳ 100ಕ್ಕೆ ತಾಗಿದರೆ ಗ್ರಾನ್ಯೂಲ್‌ಗಳ ಹೊಳಪಿನ ವ್ಯತ್ಯಾಸ ಅಲ್ಲೇ ಸುಟ್ಟುಹೋಗುತ್ತದೆ. ಸೂರ್ಯನ ತಿರುಗುವಿಕೆಯಿಂದ ಕಲೆ ಸೆಕೆಂಡಿಗೆ ಸುಮಾರು 2 ಕಿ.ಮೀ. ಸರಿಯುತ್ತದೆ, ಒಂದು ನಿಮಿಷಕ್ಕೆ 0.16 ಆರ್ಕ್‌ಸೆಕೆಂಡ್. 15 ಸೆಕೆಂಡಿನ ವಿಡಿಯೋಗೆ ಅದು ಲೆಕ್ಕಕ್ಕೇ ಬಾರದು.

ಫ್ರೇಮುಗಳನ್ನು ಪೇರಿಸುವ ತಂತ್ರಾಂಶ ಆಟೋಸ್ಟ್ಯಾಕರ್ಟ್‌ನಲ್ಲಿ ಗ್ರಹದ ಬದಲು ಮೇಲ್ಮೈ ಆಯ್ಕೆ ಮಾಡಿ, ಆಧಾರಬಿಂದುವನ್ನು ದೊಡ್ಡ ಅಂಬ್ರಾದ ಮೇಲಿಟ್ಟು, 48 ಪಿಕ್ಸೆಲ್‌ನ ಜೋಡಣೆ ಬಿಂದುಗಳನ್ನು ಇಡೀ ಚೌಕಟ್ಟಿಗೆ ಹರಡಲಾಯಿತು. ಮೊದಲು ಪೇರಿಸಿದ್ದು ಅರ್ಧದಷ್ಟು, ಈಗ 8 ಶೇಕಡಾ, ಅಂದರೆ 160 ಫ್ರೇಮ್. ಹಗಲಿನ ಗಾಳಿಯಲ್ಲಿ ಅರ್ಧದಷ್ಟು ಫ್ರೇಮ್ ಚೆನ್ನಾಗಿರುವುದು ಅಪರೂಪ. ಗುಣಮಟ್ಟದ ಗ್ರಾಫ್ ಎಡತುದಿಯಲ್ಲಿ ಕಡಿದಾಗಿ ಬೀಳುವ ಜಾಗವನ್ನು ನೋಡಿ ಅಲ್ಲಿಗೇ ಕತ್ತರಿಸಬೇಕು.

ಹರಿತಗೊಳಿಸಲು ಇಮ್‌ಪಿಪಿಜಿ ಎಂಬ ತಂತ್ರಾಂಶದಲ್ಲಿ, ಮಸುಕನ್ನು ಲೆಕ್ಕ ಹಾಕಿ ಬಿಡಿಸುವ ಲೂಸಿ-ರಿಚರ್ಡ್‌ಸನ್ ವಿಧಾನ; ಸಿಗ್ಮಾ (ಮಸುಕಿನ ಅಗಲ) 1.3, 50 ಸುತ್ತು. ಇಲ್ಲಿ ಕೈ ಸಡಿಲ ಬಿಟ್ಟವರ ಚಿತ್ರಗಳನ್ನು ಗುರುತಿಸುವುದು ಸುಲಭ: ಅಂಬ್ರಾ ಸುತ್ತ ಬಿಳಿ ಕಟ್ಟು, ದ್ಯುತಿಗೋಳದ ಮೇಲೆ ಹುಳ ಹರಿದಂಥ ಗೆರೆಗಳು. ಮೂಡಿದ ವಿವರ ನಿಜವೋ ಸೃಷ್ಟಿಯೋ ಎಂದು ತಿಳಿಯಲು ಒಂದು ನಿಮಿಷದ ಅಂತರದಲ್ಲಿ ತೆಗೆದ ಎರಡು ವಿಡಿಯೋಗಳನ್ನು ಒಂದೇ ಸೆಟ್ಟಿಂಗಿನಲ್ಲಿ ಸಂಸ್ಕರಿಸಿ, ಒಂದರ ಮೇಲೊಂದಿಟ್ಟು ಮಿಣುಕಿಸಿ ನೋಡಬೇಕು. ಗ್ರಾನ್ಯೂಲ್‌ಗಳ ಆಯಸ್ಸು ಐದರಿಂದ ಹತ್ತು ನಿಮಿಷ, ಕಲೆಯ ಎಳೆಗಳದ್ದು ಇನ್ನೂ ಹೆಚ್ಚು. ನಿಜವಾದದ್ದು ಎರಡರಲ್ಲೂ ಇರುತ್ತದೆ, ಗದ್ದಲದಿಂದ ಹುಟ್ಟಿದ್ದು ಒಂದರಲ್ಲಿ ಮಾತ್ರ.

ಈ ಪರೀಕ್ಷೆಯಲ್ಲಿ ಉಳಿದುಕೊಂಡದ್ದು ಇವು: ದೊಡ್ಡ ಕಲೆಯ ಪೆನಂಬ್ರಾದಲ್ಲಿ ಒಳಗಿನಿಂದ ಹೊರಗೆ ಹರಡಿದ ದಪ್ಪ ಪಟ್ಟಿಗಳು, ಅಂಬ್ರಾವನ್ನು ಪೂರ್ತಿ ದಾಟುವ ತೆಳ್ಳನೆಯ ಬೆಳಕಿನ ಸೇತುವೆ, ಮೂರು ನಿಜವಾದ ಚುಕ್ಕೆಗಳು, ಬಿಂಬದ ಮೈಯ ಒರಟು. ಬಿಡಿ ಎಳೆಗಳು ಸಿಗಲಿಲ್ಲ, 80 ಮಿ.ಮೀ.ಗೆ ಸಿಗುವುದೂ ಇಲ್ಲ. ಬದಲಾವಣೆಗಳನ್ನು ಒಂದೊಂದಾಗಿ ಮಾಡಿದ್ದರಿಂದ ಯಾವುದು ಎಷ್ಟು ಕೊಟ್ಟಿತು ಎಂದು ಹೇಳಬಹುದು: ಎಕ್ಸ್‌ಪೋಷರಿನದು ಅತಿ ದೊಡ್ಡ ಪಾಲು, ಹೊತ್ತು ಮತ್ತು ಜಾಗದ್ದು ಅದಕ್ಕೆ ಹತ್ತಿರ, ಮರು-ಫೋಕಸ್ ಮೂರನೆಯದು. ಫಿಲ್ಮನ್ನು ಸಡಿಲಿಸಿದ್ದರಿಂದ ಒಂದು ದಿಕ್ಕಿನ ಎಳೆತ ಹೋಯಿತು, ಅಷ್ಟೇ.

ಗುಂಪು ಅಂಚಿಗೆ ಸರಿದಾಗ

ಸೂರ್ಯನ ತಿರುಗುವಿಕೆ ಕಲೆಗುಂಪನ್ನು ದಿನಕ್ಕೆ ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ಒಯ್ಯುತ್ತದೆ. ನಡುವಿನಿಂದ 60 ಡಿಗ್ರಿ ದೂರದಲ್ಲಿ ಅದರ ಅಗಲ ಅರ್ಧಕ್ಕೆ ಕುಗ್ಗಿ ಕಾಣುವುದರಿಂದ, ಸೂಕ್ಷ್ಮ ವಿವರಕ್ಕೆ ಒಳ್ಳೆಯ ಅವಕಾಶ ನಡುರೇಖೆಯ ಆಚೆ ಈಚೆ ಮೂರು ಮೂರು ದಿನ. ಪಶ್ಚಿಮ ಯಾವುದೆಂದು ಚಿತ್ರದಲ್ಲಿ ಗುರುತಿಸಲು ಮೋಟಾರು ನಿಲ್ಲಿಸಬೇಕು: ಬಿಂಬ ಯಾವ ಕಡೆ ಜಾರುತ್ತದೋ ಅದೇ ಆಕಾಶದ ಪಶ್ಚಿಮ. ಆ ದಿಕ್ಕಿಗೆ ಕ್ಯಾಮೆರಾದ ಉದ್ದಂಚನ್ನು ಸಮಾನಾಂತರವಾಗಿ ತಿರುಗಿಸಿಟ್ಟರೆ ದಿನದಿನದ ಚಿತ್ರಗಳು ಹೊಂದುತ್ತವೆ. ಸೂರ್ಯನ ಅಕ್ಷ ಆಕಾಶದ ಉತ್ತರದಿಂದ ವರ್ಷದುದ್ದಕ್ಕೂ 26 ಡಿಗ್ರಿಯವರೆಗೆ ಆಚೀಚೆ ವಾಲುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ಆರಂಭದಲ್ಲಿ ಅತಿ ಹೆಚ್ಚು. ದಿನಾಂಕ ಮತ್ತು ವೇಳೆಯನ್ನು ಜಾಗತಿಕ ಸಮಯದಲ್ಲಿ ಬರೆದಿಟ್ಟರೆ ಈ ಕೋನವನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಅಂಚಿನ ಹತ್ತಿರ ನೋಡಬೇಕಾದ್ದು ಬೇರೆ. ಕಲೆಯ ಪೆನಂಬ್ರಾದಲ್ಲಿ ಬಿಂಬದ ನಡುವಿಗೆ ಹತ್ತಿರದ ಬದಿ ಇನ್ನೊಂದಕ್ಕಿಂತ ಕಿರಿದಾಗುತ್ತದೆ. ಅಲೆಕ್ಸಾಂಡರ್ ವಿಲ್ಸನ್ 1769ರಲ್ಲಿ ಗಮನಿಸಿದ ಪರಿಣಾಮ ಇದು, ಅಂಬ್ರಾದ ಮೈ ಸುತ್ತಲಿಗಿಂತ ತಗ್ಗಿನಲ್ಲಿರುವುದರ ಗುರುತು. ಜೊತೆಗೆ ನಡುವಿನಲ್ಲಿ ಕಾಣದಿದ್ದ ಫ್ಯಾಕ್ಯುಲಾಗಳು, ಅಂದರೆ ಸುತ್ತಲಿಗಿಂತ ಬೆಳ್ಳಗಿನ ತೇಪೆಗಳು, ಅಲ್ಲಿ ಹೊಳೆಯುತ್ತವೆ. ಅಂಚಿನ ಕಡೆಗೆ ದ್ಯುತಿಗೋಳದ ಹೊಳಪು ಗಣನೀಯವಾಗಿ ಇಳಿಯುವುದರಿಂದ ನಡುವಿನ ಸೆಟ್ಟಿಂಗಿನಲ್ಲೇ ತೆಗೆದರೆ ಹಿಸ್ಟೋಗ್ರಾಮ್ ಎಡಕ್ಕೆ ಕುಸಿದಿರುತ್ತದೆ. ಅದನ್ನು ಮತ್ತೆ 75ಕ್ಕೆ ತರಬೇಕು, ಅದೂ ಗೇನಿನಿಂದ, ಎಕ್ಸ್‌ಪೋಷರ್ 3.5 ಮಿಲಿಸೆಕೆಂಡ್ ದಾಟಬಾರದು.